ಗುಲ್‌ಮೊಹರ್ ಬುಡದ ಅಣಬೆ

ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮ ಹಿತ್ತಲಿನ ಗುಲ್‌ಮೊಹರ್ ಬುಡಕ್ಕೆ ಜುಲೈ ಮಳೆಯಲ್ಲಿ ತಟ್ಟೆಯಂಥ ಅಣಬೆ ಬಂತು. ಮೇಲೆ ವಾರ್ನಿಷ್ ಬಳಿದಂತೆ ಕೆಂಗಂದು ಹೊಳಪು, ಅಂಚು ಬಿಳಿ.

ಮೊದಲು ಅಡಿಭಾಗ ನೋಡಿ. ಸುಮ್ನೆ ಕೀಳಬೇಡಿ, ಕೈಗನ್ನಡಿ ಹಿಡಿದರೆ ಸಾಕು. ಪುಸ್ತಕದ ಹಾಳೆಯಂಥ ಪದರ ಇದ್ದರೆ ಅದು ಬೇರೆ ಗುಂಪು. ನಮ್ಮದರಲ್ಲಿ ಸೂಜಿ ಚುಚ್ಚಿದಂಥ ರಂಧ್ರಗಳಿದ್ದವು. ಉಗುರಿನಿಂದ ಗೀರಿದೆ, ಬಿಳಿ ಜಾಗ ಕಂದಾಯಿತು. ಕೆಳಗಿನ ಎಲೆಗಳ ಮೇಲೆ ಕೋಕೋ ಪುಡಿಯಂಥ ಬೀಜಕಣ. ಇಷ್ಟೂ ಸೇರಿದರೆ ಗ್ಯಾನೋಡರ್ಮಾ ಅಂತಲೇ ಅನುಮಾನಿಸಿ. ಬೇರು, ಬುಡ ಕೊಳೆಸುವ ಜಾತಿ ಅದು. ನಾನು ಮೊದಲ ವರ್ಷ ಕಿತ್ತೆಸೆದು ನಿಶ್ಚಿಂತೆಯಾಗಿದ್ದೆ. ಮರುವರ್ಷ ಮತ್ತೆ ಬಂತು! ರೋಗ ಒಳಗಿರುತ್ತೆ, ಅಲ್ವಾ?

ಮೆತ್ತಗಿದ್ದು, ಸಂಜೆಗೆ ಕಪ್ಪು ಮಸಿಯಾಗಿ ಕರಗಿದರೆ ಮಸಿ ಅಣಬೆ. ಹೆಚ್ಚಾಗಿ ಸತ್ತ ಕಟ್ಟಿಗೆಯದು. ಯಾವುದನ್ನೂ ಬಾಯಿಗೆ ಹಾಕಬೇಡಿ.