ಟ್ಯಾಕ್ಸಿ ಮಾಡುವಾಗ (ವಿಮಾನವನ್ನು ನೆಲದ ಮೇಲೆ ಓಡಿಸುವಾಗ) ರೆಕ್ಕೆ ತಾಗಿಸದಿರಲು

ಶ್ರೀನಿವಾಸ ಸರಡಗಿ ಹತ್ತಿರದ ಕಲಬುರಗಿ ವಿಮಾನ ನಿಲ್ದಾಣದ ರನ್‌ವೇ 3,175 ಮೀಟರ್ ಉದ್ದ. ಸಣ್ಣ ತರಬೇತಿ ವಿಮಾನಕ್ಕೆ ಅದು ಬೇಕಾದಷ್ಟಾಯಿತು. ಇಕ್ಕಟ್ಟು ಇರುವುದು ವಿಮಾನ ನಿಲ್ಲಿಸುವ ಅಂಗಳವಾದ ಏಪ್ರನ್‌ನಲ್ಲಿ, ಸಾಲಾಗಿ ನಿಂತ ವಿಮಾನಗಳ ನಡುವೆ. ತರಬೇತಿಗೆ ಬಳಸುವ ಸೆಸ್ನಾ 172 ವಿಮಾನದ ರೆಕ್ಕೆ ತುದಿಯಿಂದ ತುದಿಗೆ ಸುಮಾರು 11 ಮೀಟರ್. ಮೂಗಿನ ಗಾಲಿ ಹಳದಿ ಗೆರೆಯ ಮೇಲೇ ಇದ್ದರೂ ಎಡಬಲಕ್ಕೆ ಐದೂವರೆ ಮೀಟರ್ ಖಾಲಿ ಬೇಕು. ಪಕ್ಕದ ವಿಮಾನ ತನ್ನ ಗುರುತು ದಾಟಿ ನಿಂತಿದ್ದರೆ ಗೆರೆಯನ್ನು ನಂಬಿ ಪ್ರಯೋಜನವಿಲ್ಲ. ಎಡ ಸೀಟಿನಲ್ಲಿ ಕೂತವರಿಗೆ ಬಲತುದಿಯ ಅಂದಾಜು ಸುಲಭಕ್ಕೆ ಸಿಗದು. ತಿರುಗುವಾಗಂತೂ ಹೊರಗಿನ ತುದಿ ಬೀಸಿಕೊಂಡು ಬರುತ್ತದೆ, ಬಾಲ ಎದುರು ದಿಕ್ಕಿಗೆ ಹೊರಳುತ್ತದೆ. ಅನುಮಾನ ಬಂತೋ, ನಿಲ್ಲಿಸಿ. ರೆಕ್ಕೆಯ ತುದಿಗೊಬ್ಬರನ್ನು ನಿಲ್ಲಿಸಿಕೊಳ್ಳಿ. ಇಲ್ಲವೇ ಎಂಜಿನ್ ಆರಿಸಿ ಮೂಗಿನ ಗಾಲಿಗೆ ಟೋ-ಬಾರ್ (ತಿರುಗಿಸುವ ಸರಳು) ಹಾಕಿ ಕೈಯಿಂದ ತಳ್ಳಿ. ಮತ್ತೆ ಸ್ಟಾರ್ಟ್ ಮಾಡುವ ಮೊದಲು ಟೋ-ಬಾರ್ ತೆಗೆಯಲು ಮರೆಯಬೇಡಿ!

ಹತ್ತುವ ಮುನ್ನ ಮುಖ್ಯ ಗಾಲಿಯ ಬಳಿ ಕುಕ್ಕರುಗಾಲಲ್ಲಿ ಕೂತು ಬ್ರೇಕ್ ನೋಡಿ. ಡಿಸ್ಕಿನ ಕೆಳಗೆ ಕೆಂಪು ಎಣ್ಣೆಯ ಹನಿ ಕಂಡರೆ ಬ್ರೇಕಿನ ಹೈಡ್ರಾಲಿಕ್ ಎಣ್ಣೆ ಸೋರುತ್ತಿದೆ ಎಂದೇ ಅರ್ಥ; ಆ ವಿಮಾನ ಅವತ್ತು ಹೊರಡುವುದು ಬೇಡ. ವಿಮಾನ ಒಂದೆರಡು ಅಡಿ ಸರಿಯುತ್ತಿದ್ದಂತೆ ಥ್ರಾಟಲ್ (ಎಂಜಿನ್ ಶಕ್ತಿ ಏರಿಸಿಳಿಸುವ ಹಿಡಿ) ಎಳೆದು ಎರಡೂ ಬ್ರೇಕ್ ಪೆಡಲ್ ಒತ್ತಿ ನೋಡಿ, ಪಕ್ಕದವರಿಗೂ ಒತ್ತಲು ಹೇಳಿ. ವೇಗ ಬಿರುಸು ನಡಿಗೆಯಷ್ಟಿರಲಿ. ಹೆಚ್ಚಾದರೆ ಮೊದಲು ಥ್ರಾಟಲ್ ಇಳಿಸಿ, ಆಮೇಲೆ ಬ್ರೇಕ್. ಥ್ರಾಟಲ್ ಏರಿಸಿಟ್ಟು ಬ್ರೇಕಿನಲ್ಲೇ ತಡೆಯುತ್ತ ಹೋದರೆ ಡಿಸ್ಕ್ ಕಾಯುತ್ತದೆ. ನಮ್ಮ ಏಪ್ರಿಲ್-ಮೇ ಬಿಸಿಲಲ್ಲಿ ಅದು ಆರುವುದೂ ತಡ.

ಹೆಚ್ಚು ಜನ ಎಡವುವುದು ರನ್-ಅಪ್‌ನಲ್ಲಿ, ಅಂದರೆ ಹಾರುವ ಮುನ್ನ ನಿಂತು ಎಂಜಿನ್ ಪರೀಕ್ಷಿಸುವಾಗ. 1,800 ಆರ್‌ಪಿಎಂನಲ್ಲಿ ಕಣ್ಣು ಮ್ಯಾಗ್ನೆಟೊ (ಎಂಜಿನ್‌ಗೆ ಕಿಡಿ ಕೊಡುವ ಸಾಧನ) ಪರೀಕ್ಷೆಯತ್ತ ಇರುವಾಗ ಪಾರ್ಕಿಂಗ್ ಬ್ರೇಕ್ ಸಡಿಲವಾಗಿ ವಿಮಾನ ಮೆಲ್ಲಗೆ ತೆವಳುತ್ತದೆ, ಮುಂದಿನವರ ಬಾಲಕ್ಕೆ ಪ್ರೊಪೆಲರ್ ಹತ್ತಿರವಾಗುತ್ತದೆ. ಪಾರ್ಕಿಂಗ್ ಬ್ರೇಕ್ ಹಾಕಿದ್ದರೂ ಪಾದ ಪೆಡಲ್ ಮೇಲೇ ಇರಲಿ. ಪಕ್ಕದಲ್ಲಿ ಒಂದು ಟ್ಯಾಕ್ಸಿ ದಾರಿಯ ದೀಪವನ್ನೋ ಕಲ್ಲನ್ನೋ ಗುರುತಿಟ್ಟುಕೊಂಡು, ಒಂದೊಂದು ಮಾಪಕ ಓದಿದಾಗಲೂ ಅದರತ್ತ ಕಣ್ಣು ಹಾಯಿಸಿ. ಚೆಕ್‌ಲಿಸ್ಟ್, ರೇಡಿಯೊ ಫ್ರೀಕ್ವೆನ್ಸಿ, ಟ್ಯಾಬ್ಲೆಟ್ ಎಲ್ಲಾ ನೋಡುವುದು ವಿಮಾನ ನಿಂತಾಗ ಮಾತ್ರ.

ಟವರ್ (ನಿಲ್ದಾಣದ ವಿಮಾನ ಸಂಚಾರ ನಿಯಂತ್ರಣ) ಟ್ಯಾಕ್ಸಿಗೆ ಅನುಮತಿ ಕೊಟ್ಟಿತೆಂದರೆ ದಾರಿ ಸಿಕ್ಕಿತು ಅಷ್ಟೇ. ರೆಕ್ಕೆ ತಾಗದಂತೆ ನೋಡಿಕೊಳ್ಳುವ ಹೊಣೆ ಪೈಲಟ್‌ನದು. ಎದುರುಬದುರಾದರೆ ಇಬ್ಬರೂ ನಿಲ್ಲಬೇಕು, ಜಾಗ ಇದ್ದರೆ ಇಬ್ಬರೂ ಬಲಕ್ಕೆ ಸರಿಯಬೇಕು. ಅಡ್ಡ ಬಂದರೆ ನಿಮ್ಮ ಬಲಗಡೆಯವರಿಗೆ ದಾರಿ ಬಿಡಿ. ಬೆಳಗ್ಗೆ ಪೂರ್ವಕ್ಕೆ ಮುಖಮಾಡಿದಾಗ ಧೂಳು ಕೂತ ಗಾಜಿನ ಮೇಲೆ ಎಳೆಬಿಸಿಲು ಬಿದ್ದರೆ ಎದುರಿಗೆ ಏನೂ ಕಾಣದು. ಹೊರಡುವ ಮುನ್ನವೇ ಗಾಜು ಒರೆಸಿ.

ತಾಗಿಯೇಬಿಟ್ಟರೆ ಬಿಡಿಸಿಕೊಳ್ಳಲು ಥ್ರಾಟಲ್ ಕೊಡಬೇಡಿ. ಎಂಜಿನ್ ಆರಿಸಲು ಮಿಕ್ಸ್ಚರ್ (ಇಂಧನ-ಗಾಳಿ ಮಿಶ್ರಣದ ಹಿಡಿ) ಪೂರ್ತಿ ಎಳೆಯಿರಿ, ಟವರ್‌ಗೆ ಒಂದು ಮಾತು ಹೇಳಿ, ಮ್ಯಾಗ್ನೆಟೊ, ಇಂಧನ, ಮಾಸ್ಟರ್ (ಮುಖ್ಯ ವಿದ್ಯುತ್ ಸ್ವಿಚ್) ಬಂದ್ ಮಾಡಿ ಇಳಿಯಿರಿ. 172ರಲ್ಲಿ ಇಂಧನ ಇರುವುದು ರೆಕ್ಕೆಯಲ್ಲೇ, ಆದ್ದರಿಂದ ಸೋರಿಕೆ ನೋಡುವ ತನಕ ಯಾರೂ ಹತ್ತಿರ ಸುಳಿಯಬಾರದು. ಪ್ರೊಪೆಲರ್ ತಾಗಿದ್ದರೆ, ಬ್ಲೇಡ್ ನೆಟ್ಟಗೆ ಕಂಡರೂ, ಎಂಜಿನಿಯರ್ ಎಂಜಿನ್ ತಪಾಸಣೆ ಮಾಡುವವರೆಗೆ ಮತ್ತೆ ಸ್ಟಾರ್ಟ್ ಮಾಡುವಂತಿಲ್ಲ.