ಹಳೇ ಫೋಟೋಗಳಿಗೆ ಇಸವಿ ಸಿಕ್ಕಿದ್ದು ಹೀಗೆ

ಶಿರಸಿ ಮನೆಯ ಟ್ರಂಕಿನಲ್ಲಿದ್ದ ಕಪ್ಪು-ಬಿಳುಪು ಫೋಟೋಗಳಿಗೆ ಹೆಸರೂ ಇಲ್ಲ, ಇಸವಿಯೂ ಇಲ್ಲ. ‘ಯಾವಾಗಿಂದು ಅಜ್ಜಿ?’ ಅಂದರೆ ‘ಯಂಗೆ ನೆನಪಿಲ್ಲೆ ತಮಾ’ ಅನ್ನುತ್ತಿದ್ದರು.

ಪ್ರಶ್ನೆ ಬದಲಿಸಿದೆ. ‘ಯಾವ ಮಾರಿಜಾತ್ರೆ ಹೊತ್ತಿಗೆ?’ ಜಾತ್ರೆ ಎರಡು ವರ್ಷಕ್ಕೊಮ್ಮೆ ಅಲ್ವಾ, ಲೆಕ್ಕ ಹಿಡಿಯುವುದು ಸುಲಭ. ಆ ಜಾತ್ರೆಯ ಬಳೆ, ಆ ವರ್ಷ ಮದುವೆಯಾದವರು, ಎಲ್ಲ ಹೊರಗೆ ಬಂತು. ಅಜ್ಜನ ಕೈಯಲ್ಲಿದ್ದ ಗಡಿಯಾರ ಸ್ಟುಡಿಯೋದವರದ್ದಂತೆ!

ಮಾತನ್ನು ಮೊಬೈಲಲ್ಲಿ ರೆಕಾರ್ಡ್ ಮಾಡಿಕೊಂಡೆ. ಫೋಟೋ ಹಿಂದೆ ಅಂಚಿಗೆ ಮೆತ್ತಗಿನ ಪೆನ್ಸಿಲಿನಲ್ಲಿ ಬರೆದೆ. ಬಾಲ್‌ಪೆನ್ ಒತ್ತಿದರೆ ಗುರುತು ಮುಂದೆ ಮೂಡುತ್ತದೆ. ಸ್ಕ್ಯಾನ್ ಮಾಡಿದ್ದನ್ನು ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಅಂತಲೇ ಕಳಿಸಿದೆ. ಸುಮ್ನೆ ಫೋಟೋ ಅಂತ ಕಳಿಸಿದರೆ ಮಸುಕಾಗುತ್ತದೆ.

ಕಾರವಾರದ ಅತ್ತೆ ಮಾತ್ರ ಒಪ್ಪಲಿಲ್ಲ. ಅವರ ಪ್ರಕಾರ ಒಂದು ಮದುವೆ ಫೋಟೋ ಇನ್ನೂ ಒಂದು ಜಾತ್ರೆ ಹಿಂದಿನದು. ಎರಡೂ ಇಸವಿ ಬರೆದು, ಯಾರು ಹೇಳಿದ್ದು ಅಂತಲೂ ಸೇರಿಸಿದ್ದೇನೆ.