ಇಡಿಗಂಟು ಎಷ್ಟಾಗಿ ಬೆಳೆಯುತ್ತದೆ? ಚಕ್ರಬಡ್ಡಿ ಲೆಕ್ಕ ನೀವೇ ಹಾಕಿ ನೋಡಿ

ಒಂದು ಲಕ್ಷವನ್ನು ಒಂದೇ ಸಲ ಹೂಡಿದ್ದೀರಿ ಅಂತಿಟ್ಟುಕೊಳ್ಳಿ. ಬಡ್ಡಿ ವರ್ಷಕ್ಕೆ ಶೇ 8. ಮೂವತ್ತು ವರ್ಷ ಅದನ್ನು ಮುಟ್ಟುವುದಿಲ್ಲ. ಸರಳ ಬಡ್ಡಿಯಾದರೆ ವರ್ಷಕ್ಕೆ 8,000ದಂತೆ 2,40,000 ಬರುತ್ತದೆ, ಅಸಲು ಸೇರಿ 3,40,000. ಚಕ್ರಬಡ್ಡಿಯಾದರೆ ಅದೇ ಗಂಟು ಹತ್ತು ಲಕ್ಷ ದಾಟುತ್ತದೆ. ನಂಬಲು ಕಷ್ಟ ಅಲ್ವಾ? ಪೆನ್ನು, ಹಾಳೆ ತೆಗೆದುಕೊಳ್ಳಿ.

ಮೊದಲ ಮೂರು ವರ್ಷದ ಲೆಕ್ಕವನ್ನು ನೀವೇ ಬರೆಯಿರಿ. ಒಂದನೇ ವರ್ಷದ ಕೊನೆಗೆ 1,08,000. ಎರಡನೇ ವರ್ಷ ಬಡ್ಡಿ ಸಿಗುವುದು ಈ 1,08,000ಕ್ಕೆ, ಹಾಗಾಗಿ 8,640 ಸೇರಿ 1,16,640. ಮೂರನೇ ವರ್ಷ 1,25,971. ಪ್ರತಿ ಸಲ ಹಿಂದಿನ ಮೊತ್ತವನ್ನು 1.08ರಿಂದ ಗುಣಿಸಿದರೆ ಸಾಕು. ಬಡ್ಡಿಗೂ ಬಡ್ಡಿ ಸೇರುವುದು ಇಲ್ಲೇ.

ಈಗ ಹತ್ತತ್ತು ವರ್ಷಕ್ಕೆ ಜಿಗಿಯಿರಿ. ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲಿ 1.08ರ ಘಾತ 10, 20, 30 (ಅಂದರೆ 1.08ನ್ನು ಅಷ್ಟು ಸಲ ಬರೆದು ಒಟ್ಟಿಗೆ ಗುಣಿಸಿದರೆ ಬರುವ ಸಂಖ್ಯೆ) ಕಂಡುಹಿಡಿದು ಒಂದು ಲಕ್ಷದಿಂದ ಗುಣಿಸಿ. ಹತ್ತು ವರ್ಷಕ್ಕೆ 2,15,892, ಇಪ್ಪತ್ತಕ್ಕೆ 4,66,096, ಮೂವತ್ತಕ್ಕೆ 10,06,266. ಈ ಮೂರು ಸಂಖ್ಯೆಗಳನ್ನು ಸ್ವಲ್ಪ ಹೊತ್ತು ನೋಡಿ. ಮೊದಲ ಇಪ್ಪತ್ತು ವರ್ಷದಲ್ಲಿ ಸೇರಿದ್ದು 3.66 ಲಕ್ಷ. ಕೊನೆಯ ಹತ್ತೇ ವರ್ಷದಲ್ಲಿ 5.40 ಲಕ್ಷ! ಮೂವತ್ತನೇ ವರ್ಷವೊಂದರಲ್ಲೇ ಸುಮಾರು 74,500 ಬಡ್ಡಿ ಬರುತ್ತದೆ. ಮೊದಲ ವರ್ಷ ಬಂದದ್ದು ಬರೀ 8,000. ಆರಂಭದಲ್ಲಿ ಏನೂ ಬೆಳೆಯುತ್ತಿಲ್ಲ ಅನಿಸಿ ಜನ ಗಂಟು ಒಡೆದುಬಿಡುತ್ತಾರೆ. ನನಗೆ ತುಂಬಾ ಬೇಸರ ತರಿಸುವ ವಿಷಯ ಇದು. ಇಪ್ಪತ್ತನೇ ವರ್ಷದಲ್ಲಿ ತೆಗೆದವರು ಬೆಳವಣಿಗೆಯ ದೊಡ್ಡ ಪಾಲನ್ನೇ ಬಿಟ್ಟು ಬಂದಂತೆ.

ಬಾಯಿಲೆಕ್ಕಕ್ಕೆ ಒಂದು ಸುಲಭ ದಾರಿ ಇದೆ. 72ನ್ನು ಬಡ್ಡಿ ದರದಿಂದ ಭಾಗಿಸಿ. ಶೇ 8 ಇದ್ದರೆ 9 ವರ್ಷಕ್ಕೆ ಹಣ ಹೆಚ್ಚುಕಡಿಮೆ ಎರಡರಷ್ಟು, ಶೇ 6 ಇದ್ದರೆ 12 ವರ್ಷಕ್ಕೆ. ಇದು ಹಳೆಯ ಲೆಕ್ಕ. ಇಟಲಿಯ ಗಣಿತಜ್ಞ ಲೂಕಾ ಪಚೋಲಿ 1494ರಲ್ಲೇ ಇದನ್ನು ಬರೆದಿದ್ದ.

ಬಡ್ಡಿಯನ್ನು ವರ್ಷಕ್ಕೊಮ್ಮೆ ಬದಲು ಮೂರು ತಿಂಗಳಿಗೊಮ್ಮೆ ಅಸಲಿಗೆ ಸೇರಿಸಿದರೆ ಹತ್ತು ವರ್ಷಕ್ಕೆ 2,20,804 ಆಗುತ್ತದೆ. ಲಾಭವೇ, ಆದರೆ ಸಣ್ಣದು. ಇದಕ್ಕಿಂತ ಶುಲ್ಕದ ಕಡೆ ಜಾಸ್ತಿ ಗಮನ ಕೊಡಿ. ವರ್ಷಕ್ಕೆ ಶೇ 1 ಶುಲ್ಕ ಹೋಗಿ ಕೈಗೆ ಶೇ 7 ಮಾತ್ರ ಉಳಿದರೆ, ಮೂವತ್ತು ವರ್ಷಕ್ಕೆ ಸಿಗುವುದು 7,61,226. ಸುಮಾರು 2,45,000 ಸುಮ್ನೆ ಹೋಯಿತು. ಹೂಡುವ ಮೊದಲೇ ಶುಲ್ಕ ಎಷ್ಟು ಅಂತ ಕೇಳಿ, ಬರೆದುಕೊಳ್ಳಿ.

ಕೊನೆಗೆ ಬೆಲೆಯೇರಿಕೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಬೆಲೆಗಳು ವರ್ಷಕ್ಕೆ ಶೇ 5ರಷ್ಟು ಏರಿದರೆ, ಮೂವತ್ತು ವರ್ಷದ ನಂತರದ ಆ 10,06,266ಕ್ಕೆ ಇವತ್ತಿನ ಸುಮಾರು 2,33,000ದಷ್ಟೇ ಕೊಳ್ಳುವ ಶಕ್ತಿ. ತೆರಿಗೆ ಇದ್ದರೆ ಇನ್ನೂ ಕಡಿಮೆ. ಷೇರು ಮಾರುಕಟ್ಟೆಯ ಏರಿಳಿತಕ್ಕೆ ತಕ್ಕಂತೆ ಬದಲಾಗುವ ಹೂಡಿಕೆಯಾದರೆ ದರ ಪ್ರತಿ ವರ್ಷ ಒಂದೇ ಇರುವುದಿಲ್ಲ. ಹಾಗಾಗಿ ಶೇ 8ರ ಜೊತೆಗೆ ಶೇ 5 ಮತ್ತು ಶೇ 6ಕ್ಕೂ ಇದೇ ಲೆಕ್ಕ ಹಾಕಿ, ಕಡಿಮೆ ಬಂದ ಮೊತ್ತವನ್ನೇ ನಂಬಿ ಯೋಜನೆ ಮಾಡಿ.